ಮುಖದ ಕ್ರೀಮು, ಮರದ ಭರಣಿ

ಈ ಸಲ ಮಾವನ ಬಾಯಿ ಮುಚ್ಚಿಸಿಯೇ ತೀರುತ್ತೇನೆ ಅಂತ ಮರ ಕಡೆಯುವ ಲೇತಿನ ಮುಂದೆ ಕೂತೆ! ಹೋದ ವರ್ಷ ಅವರ ಮನೆ ಗೃಹಪ್ರವೇಶಕ್ಕೆ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಅಳಿಯ ಪ್ಲಾಸ್ಟಿಕ್ ತಂದ ಅಂತ ಮಾವ ನಂಜುಂಡಯ್ಯನವರು ಹೊಂಗನೂರಿಗೆಲ್ಲ ಹೇಳಿ ನಕ್ಕಿದ್ದರು. ಈಗ ಅವರ ಕಿರಿ ಮಗಳ ಮದುವೆ. ನನ್ನ ಕೈಯಾರೆ ಕಡೆದು, ಅರಗು ಹಾಕಿ, ಥಳಥಳ ಹೊಳೆಯುವ ಕುಂಕುಮದ ಭರಣಿಯನ್ನೇ ಕೊಡೋದು ಅಂತ ಬಂಧುಬಳಗಕ್ಕೆಲ್ಲ ಸಾರಿಬಿಟ್ಟೆ.

ಮಾರನೇ ದಿನ ಮದುವೆ. ಭರಣಿಯ ಹೊರಮೈ ಕಡೆದಾಗಿತ್ತು, ಒಳಗೆ ಕೊರೆಯೋದು ಬಾಕಿ. ಉಪ್ಪುಕಾಗದದಲ್ಲಿ ಉಜ್ಜೋಕೆ ಮಾತ್ರ ಸೋಮಾರಿತನ. ಅತ್ತ ಹೆಂಡತಿ ನಯನಾ ಹೊಸ ಕ್ರೀಮಿನ ಟ್ಯೂಬು ಹಿಡಿದು ಕನ್ನಡಿ ಮುಂದೆ ನಿಂತಿದ್ದಳು. ಅದರಲ್ಲಿ ಸಿಲಿಕೋನ್ ಐತಂತೆ, ಮುಖದ ಗುಂಡಿ ಮುಚ್ಚಿ ನುಣ್ಣಗೆ ಮಾಡ್ತದಂತೆ, ಹಚ್ಚಿದ ಮೇಲೆ ಧೂಳೂ ಅಂಟಲ್ವಂತೆ ಅಂತ ಪಾರ್ಲರಿನವಳ ಪಾಠ ಒಪ್ಪಿಸಿದಳು. ನಾನು 'ನುಣ್ಣಗೆ' ತನಕ ಕೇಳಿಸಿಕೊಂಡೆ. ಹೆಂಡತಿ ಮಾತನ್ನು ಕೊನೆವರೆಗೂ ಕೇಳುವ ದುರಭ್ಯಾಸ ನನಗಿಲ್ಲ.

ಅವಳು ಹೂವು ತರೋಕೆ ಹೋದದ್ದೇ ತಡ, ಟ್ಯೂಬು ಪೂರ್ತಿ ಹಿಂಡಿ ಮರಕ್ಕೆ ಬಳಿದೆ. ಆಹಾ, ಬೆಣ್ಣೆ! ಲೇತು ತಿರುಗಿಸಿ ಕೆಂಪು ಅರಗಿನ ಕಡ್ಡಿ ಒತ್ತಿದೆ. ಉಜ್ಜಿದ ಬಿಸಿಗೆ ಕರಗಿ ಮರಕ್ಕೆ ಹಿಡಿಯಬೇಕಾದ ಅರಗು ಜಾರಿತು. ಇನ್ನೂ ಒತ್ತಿದೆ. ಕರಗಿದ ಅರಗು ಸಿಡಿದು ನನ್ನ ಮೀಸೆಗೆ ಅಂಟಿತು, ಮರಕ್ಕೆ ಮಾತ್ರ ಅಂಟಲಿಲ್ಲ! ಮೇಲುಪದರ ಕೆತ್ತಿದೆ, ಅದೇ ಕತೆ. ಕೈಗೂ ಕ್ರೀಮು, ಉಳಿಗೂ ಕ್ರೀಮು. ಕೆತ್ತಿ ಕೆತ್ತಿ ಭರಣಿ ಹೋಗಿ ಸುಣ್ಣದ ಡಬ್ಬಿಯ ಗಾತ್ರಕ್ಕಿಳಿಯಿತು. ಹಟಕ್ಕೆ ಬಿದ್ದು ಇನ್ನೊಂದು ಸುತ್ತು ಕೆತ್ತಿದೆ, ಬುಗುರಿಯಾಯಿತು.

ವಾಪಸು ಬಂದ ನಯನಾ ಖಾಲಿ ಟ್ಯೂಬು ನೋಡಿದಳು, ನನ್ನ ಕೆಂಪು ಮೀಸೆ ನೋಡಿದಳು.

"ರೀ, ನನ್ನ ಕ್ರೀಮ್ ಎಲ್ಲಿ?"

"ಭರಣಿಗೆ ಹಚ್ಚಿದೆ."

"ಭರಣಿ ಎಲ್ಲಿ?"

ಬುಗುರಿ ತೋರಿಸಿದೆ. ಅವತ್ತು ನನಗೆ ಅನ್ನವೂ ಸಿಗಲಿಲ್ಲ, ಅವಳ ಮಾತೂ ಸಿಗಲಿಲ್ಲ.

ಕೈಯಾರೆ ಕಡೆದದ್ದು ಅಂತ ಸಾರಿದ್ದಕ್ಕೆ ಅಂಗಡಿ ಮಾಲು ಕೊಡುವ ಹಾಗೂ ಇರಲಿಲ್ಲ. ಮದುವೆಮನೆಯಲ್ಲಿ ಮೆಲ್ಲಗೆ ಬುಗುರಿಯನ್ನೇ ಕೊಟ್ಟೆ. ಮಾವ ಅದನ್ನ ಚಪ್ಪರಕ್ಕೆಲ್ಲ ಕಾಣುವಂತೆ ಎತ್ತಿ ಹಿಡಿದರು.

"ಅಳಿಯಂದ್ರೇ, ಮದ್ವೆ ಆಗಿರೋದೇ ಇವತ್ತು. ಬುಗುರಿ ಆಡೋ ಮೊಮ್ಮಗ ಬರೋಕೆ ಒಸಿ ಟೈಮ್ ಕೊಡಿ."

ಚಪ್ಪರವೇ ನಕ್ಕಿತು. ವಾಪಸು ಬರುವಾಗ ಬಸ್ಸಿನಲ್ಲಿ ನಯನಾ ಕೊನೆಗೂ ಬಾಯಿ ಬಿಟ್ಟಳು. ಈ ಸಲ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡೆ.

"ಆ ಕ್ರೀಮ್ನ ನಿಮ್ಮ ಮುಖಕ್ಕೇ ಬಳ್ಕೊಂಡಿದ್ರೆ ಆಗಿತ್ತು. ನಮ್ಮಪ್ಪ ಅಂದಿದ್ದು ಒಂದೂ ಅಂಟ್ತಿರಲಿಲ್ಲ."