ಉಣ್ಣುವವರ ಒಂದು ಫೋಟೋ

ಇನ್ನೊಬ್ಬರು ಉಣ್ಣುವಾಗ ನಿಂತು ನೋಡಬಾರದು ಎಂಬುದನ್ನು ನಮ್ಮ ಕಡೆ ಅಕ್ಷರ ಕಲಿಸುವ ಮೊದಲೇ ಕಲಿಸುತ್ತಾರೆ. ನೋಡಿದರೆ ಉಣ್ಣುವವರಿಗೆ ನದರು ತಾಗುತ್ತದೆ, ನೋಡಿದವರ ಮನೆತನದ ಮರ್ಯಾದೆ ಹೋಗುತ್ತದೆ. ಅಕಸ್ಮಾತ್ ಕಣ್ಣಿಗೆ ಕಣ್ಣು ಸೇರಿಬಿಟ್ಟರೆ ಉಣ್ಣುವವರು “ಬರ್ರಿ, ಊಟ ಮಾಡೂನು” ಅನ್ನಬೇಕು, ನೋಡಿದವರು “ಈಗರೆ ಆತ್ರಿ” ಅಂತ ಸುಳ್ಳು ಹೇಳಬೇಕು. ಈ ಕಾಯಿದೆಯನ್ನು ಪಾಲಿಸಿಕೊಂಡು ನಾನು ನಲವತ್ತು ದಾಟುವವರೆಗೆ ಸಭ್ಯನಾಗಿಯೇ ಬದುಕಿದ್ದೆ. ಆಮೇಲೆ ಏನು ಬುದ್ಧಿ ಬಂತೋ, ಫೋಟೋಗ್ರಫಿ ಡಿಪ್ಲೊಮಾಕ್ಕೆ ಸೇರಿಕೊಂಡೆ. ಪ್ರಾಜೆಕ್ಟಿಗೆ ‘ಬೀದಿಯಲ್ಲಿ ಉಣ್ಣುವ ಕಲಬುರಗಿ’ ಎಂಬ ವಿಷಯವನ್ನೂ ನಾನೇ ಆರಿಸಿಕೊಂಡೆ. ಯಾರೂ ಒತ್ತಾಯ ಮಾಡಿರಲಿಲ್ಲ.

ನಾನು ಸೇಡಂ ರಸ್ತೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಸಂಜೆಯ ತರಗತಿಗೆ ನಾನು ಒಳಗೆ ಕಾಲಿಟ್ಟರೆ ಸಹಪಾಠಿಗಳೆಲ್ಲ ಎದ್ದು ನಿಲ್ಲುತ್ತಾರೆ. ನಮ್ಮ ಗೈಡ್ ಮೇಡಂ ನನಗಿಂತ ಬಹಳ ಚಿಕ್ಕವರು. ಮೊದಲ ದಿನ ಅವರೂ ಅರ್ಧ ಎದ್ದು, ತಾವೇ ಪಾಠ ಮಾಡುವವರೆಂದು ನೆನಪಾಗಿ ಕೂತರು. ಇತ್ತ ಶಾಲೆಯ ಮಕ್ಕಳಿಗೆ ನಾನೂ ವಿದ್ಯಾರ್ಥಿ ಎಂಬ ಸುದ್ದಿ ಹಬ್ಬಿ, “ಸರ್, ಪಾಸಾದ್ರಿ ಏನ್ರಿ?” ಎಂದು ದಿನಾ ಕೇಳುವ ಚಟ ಅಂಟಿಕೊಂಡಿತ್ತು. ಬೇರೆಯವರು ಫೇಲಾದರೆ ಅವರ ಅಪ್ಪ ಬೈಯುತ್ತಾನೆ. ನಾನು ಫೇಲಾದರೆ ಏಳನೇ ತರಗತಿ ಇಡೀ ನನಗೆ ಸಮಾಧಾನ ಹೇಳಲು ಬರುತ್ತದೆ. 

ಹಾಗಾಗಿ ಕ್ಯಾಮೆರಾ ಹೆಗಲಿಗೇರಿಸಿ ಸಂಜೆ ಸಂಜೆ ಮಾರ್ಕೆಟ್ಟಿಗೆ ಹೋದೆ. ಮಿರ್ಚಿ ಭಜಿ, ಸುಸಲಾ, ಗಿರ್ಮಿಟ್, ಯಾವುದಕ್ಕೂ ಬರವಿರಲಿಲ್ಲ. ತಿನ್ನುವವರಿಗಂತೂ ಇರಲೇ ಇಲ್ಲ. ಆದರೆ ನಾನು ಕ್ಯಾಮೆರಾ ಎತ್ತಿದೊಡನೆ ಬಾಯಿಗೆ ಹೋಗುತ್ತಿದ್ದ ಕೈ ದಾರಿ ಬದಲಿಸಿ ನನ್ನ ಕಡೆ ಬರುತ್ತಿತ್ತು. “ತಗೋರಿ ಸರ್, ಒಂದು ತಗೋರಿ.” ತಾವು ತಿನ್ನಿ, ನನಗೆ ಫೋಟೋ ಸಾಕು ಎಂದರೆ ಯಾರೂ ನಂಬುತ್ತಿರಲಿಲ್ಲ. ಚಹಾದಂಗಡಿಯ ಮುದುಕರೊಬ್ಬರು ತಮ್ಮ ಬಿಸ್ಕೀಟನ್ನೇ ಅರ್ಧ ಮುರಿದು, “ಪೈಲೆ ಖಾವೊ ಸಾಬ್, ಫೋಟೋ ಬಾದ್ ಮೇ” ಎಂದು ಕೈಗಿಟ್ಟರು. ಮೊದಲು ತಿಂದೆ. ಫೋಟೋ ತೆಗೆಯುವ ಹೊತ್ತಿಗೆ ಅವರ ಪಾಲೂ ಮುಗಿದಿತ್ತು.

ಮರೆಯಲ್ಲಿ ನಿಂತು ತೆಗೆಯೋಣವೆಂದು ಒಂದು ದಿನ ಆಟೋದ ಹಿಂದೆ ಅಡಗಿ ಕುಳಿತೆ. ಆಟೋದವನು ಹೊರಗೆ ತಲೆ ಹಾಕಿ, “ಯಾಕ್ರಿ ಸರ್, ಸಾಲದವರು ಬಂದಾರೇನು?” ಎಂದು ಊರಿಗೆಲ್ಲ ಕೇಳುವಂತೆ ವಿಚಾರಿಸಿದ. ಭಜಿ ತಿನ್ನುತ್ತಿದ್ದ ಗೃಹಸ್ಥರು ತಿರುಗಿ ನೋಡಿದರು, ನನ್ನನ್ನು ಕಂಡರು, ಎದ್ದು ಬಂದು ನನಗೂ ಆಟೋದವನಿಗೂ ಒಂದೊಂದು ಭಜಿ ಕೊಟ್ಟರು. ಪ್ರಾಜೆಕ್ಟು ಬೆಳೆಯಲಿಲ್ಲ, ನನ್ನ ಹೊಟ್ಟೆ ಮಾತ್ರ ಬೆಳೆಯಿತು.

ಮೇಡಂ ಫೋಟೋಗಳನ್ನೆಲ್ಲ ಎರಡೆರಡು ಸಲ ತಿರುವಿ ನೋಡಿದರು. “ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದರಾಗ ಎಲ್ಲಾರೂ ಕೊಡಾಕತ್ತಾರ, ತಿನ್ನಾವ್ರು ಒಬ್ಬರೂ ಇಲ್ಲ. ತನ್ನನ್ನ ತಾನು ಮರ್ತು ಉಣ್ಣೋ ಒಬ್ಬ ಮನಷ್ಯಾನ ಫೋಟೋ ತರ್ರಿ, ಸಾಕು. ಸೋಮವಾರ ಕಡೀ ದಿನ ಅದ.”

ಭಾನುವಾರ ಹೆಂಡತಿ ಸುವರ್ಣಾಳನ್ನು ಕರೆದುಕೊಂಡು ಕಮಲಾಪುರಕ್ಕೆ ಹೊರಟೆ. ಅದು ಅವಳ ತವರು. ಹೆದ್ದಾರಿಯ ಬದಿಗೆ ಕೆಂಪು ಬಾಳೆಹಣ್ಣಿನ ಗೊನೆಗಳನ್ನು ತೂಗುಹಾಕಿಕೊಂಡು ಮಾರುವವರು ಸಾಲಾಗಿ ಕೂತಿರುತ್ತಾರೆ, ಮಧ್ಯಾಹ್ನ ಅಲ್ಲಿಯೇ ಬುತ್ತಿ ಬಿಚ್ಚುತ್ತಾರೆ. ಒಳ್ಳೆಯ ಬೆಳಕು, ಒಳ್ಳೆಯ ಬಣ್ಣ. ಒಂದೇ ಒಂದನ್ನು ಮರೆತಿದ್ದೆ. ಕಮಲಾಪುರದಲ್ಲಿ ನಾನು ಅಳಿಯ, ಅದೂ ಒಂದು ಮನೆಗಲ್ಲ, ಇಡೀ ಊರಿಗೆ. ಅಳಿಯ ನಿಂತಿರುವಾಗ ಎದುರಿಗೆ ಕೂತು ಉಣ್ಣುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇಲ್ಲ. ನಾನು ರಸ್ತೆಗುಂಟ ನಡೆದಂತೆ ಬುತ್ತಿಗಳು ಒಂದೊಂದಾಗಿ ಮುಚ್ಚಿಕೊಂಡವು. ಹಣ್ಣು ಮಾರುವ ಕಾಶಮ್ಮನಂತೂ ತಟ್ಟೆಗೆ ಸೆರಗು ಮುಚ್ಚಿ ಎದ್ದೇ ನಿಂತರು. “ಅಯ್ಯ, ಅಳಿಯಂದ್ರು ಬಿಸಿಲಾಗ ನಿಂತಾರ! ಏ ಸುವರ್ಣಾ, ಕೂಡ್ಸವ್ವ. ಊಟದ ಹೊತ್ತಿನಾಗ ಬಂದು ಉಣ್ಣದ ಹೋದ್ರ ನಮಗ ಚಂದ ಕಾಣ್ತದೇನು?”

ಇನ್ನು ಫೇಲೇ ಗತಿ ಎಂದು ಮನಸ್ಸಿನಲ್ಲಿ ತೀರ್ಮಾನಿಸಿ, ಕ್ಯಾಮೆರಾವನ್ನು ಸುವರ್ಣಾಳ ಕೈಗೆ ಕೊಟ್ಟು ಬೇವಿನ ನೆರಳಲ್ಲಿ ಕೂತೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ, ಎಣ್ಣೆ. ದುಃಖದಲ್ಲಿ ಹಸಿವು ಹೆಚ್ಚುವ ಜಾತಿಯವನು ನಾನು. ತುಸು ಹೊತ್ತು ಪ್ರಾಜೆಕ್ಟು, ಮೇಡಂ, ಏಳನೇ ತರಗತಿ ಯಾವುದೂ ನೆನಪಿಗೆ ಬರಲಿಲ್ಲ.

ಸೋಮವಾರ ಮೇಡಂ ನನ್ನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಹೋದರು. ಗೊನೆ, ಸೆರಗು ಮುಚ್ಚಿದ ತಟ್ಟೆ, ಮತ್ತೆ ಗೊನೆ. ಒಂದು ಕಡೆ ಅವರ ಕೈ ನಿಂತಿತು. “ಇದು! ಇದನ್ನ ಕೇಳಿದ್ನಿ ನಾನು.” ನೋಡಿದೆ. ದಪ್ಪ ಮೈಯ ಒಬ್ಬ ಮನುಷ್ಯ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದಾನೆ. ಮೀಸೆಗೆ ಪಲ್ಯ ಹತ್ತಿದೆ. ಜಗತ್ತು ಮುಳುಗಿದರೂ ಆ ತುತ್ತು ಮುಗಿಸಿಯೇ ಏಳುವವನ ಮುಖ. ಆ ಮುಖ ನನ್ನದು.

ಟೈಮರ್ ಇಟ್ಟು ತೆಗೆದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಅಷ್ಟು ಮೈಮರೆತು ಉಣ್ಣುವವನು ಟೈಮರ್ ಇಡುವವನಂತೆ ಕಾಣುತ್ತಿರಲಿಲ್ಲ. “ನಮ್ಮ ಮನಿಯವರು ತೆಗದಾರ್ರಿ” ಎಂದೆ. ಮೇಡಂ ನಕ್ಕರು. “ಹಂಗಾದ್ರ ಇದು ಅವರ ಹೆಸರ್ಲೆ ಕ್ಲಾಸಿನ ಗ್ವಾಡಿಗಿ ಹಾಕೂನು. ನಿಮ್ಮದೊಂದು ತರ್ರಿ ಸರ್. ಇನ್ನೊಂದು ವಾರ ಕೊಡ್ತೀನಿ.”

ಮನೆಗೆ ಬಂದು ಸುವರ್ಣಾಳನ್ನು ಕೇಳಿದೆ, ಕ್ಯಾಮೆರಾ ಹಿಡಿದು ಗೊತ್ತಿಲ್ಲದವಳು ಇದನ್ನು ಹೇಗೆ ತೆಗೆದೆ ಎಂದು. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ಅದರಾಗೇನದರಿ? ನೀವು ಎರಡನೇ ರೊಟ್ಟಿಗಿ ಕಣ್ಣು ಮುಚ್ತೀರಿ. ಮದುವಿ ಆದಾಗಿಂದ ನೋಡಾಕತ್ತೀನಿ. ಅದಕ್ಕ ಕಾಯ್ಕೋತ ಕುಂತಿದ್ದೆ.”

ಈ ಮಾತು ನನ್ನನ್ನು ಆ ದಿನವೆಲ್ಲ ಬಿಡಲಿಲ್ಲ. ಇಷ್ಟು ವರ್ಷ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ತಟ್ಟೆ ನೋಡುತ್ತಿದ್ದೆ. ಅವಳು ಮೊದಲ ತುತ್ತಿಗೆ ಏನು ಎತ್ತಿಕೊಳ್ಳುತ್ತಾಳೆ, ಖಾರವಾದರೆ ಮುಖ ಹೇಗೆ ಮಾಡುತ್ತಾಳೆ, ನನಗೆ ಒಂದೂ ಗೊತ್ತಿಲ್ಲ. ಬೀದಿಯವರೆಲ್ಲ ಉಣ್ಣುವುದನ್ನು ನೋಡಲು ಹೊರಟವನು ಮನೆಯವಳು ಉಣ್ಣುವುದನ್ನು ನೋಡಿಯೇ ಇರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಪ್ರಾಜೆಕ್ಟು ಬೀದಿಯದಾದರೇನು, ಮೇಡಂ ಒಪ್ಪಿದರೆ ಒಪ್ಪಲಿ ಎಂದುಕೊಂಡು ಅವಳನ್ನು ತಟ್ಟೆಯ ಮುಂದೆ ಕೂರಿಸಿ ಎದುರಿಗೆ ಕ್ಯಾಮೆರಾ ಹಿಡಿದು ಕೂತೆ. ಅವಳು ಸೆರಗು ಸರಿಮಾಡಿಕೊಂಡಳು. ತುತ್ತು ಮುರಿದಳು, ಕೆಳಗಿಟ್ಟಳು, ಮತ್ತೆ ಮುರಿದಳು. ಕೊನೆಗೆ ಮೆಲ್ಲಗೆ ಹೇಳಿದಳು, “ನೀವು ನೋಡಾಕತ್ರ ನನಗ ನುಂಗಾಕ ಆಗಂಗಿಲ್ರಿ. ರೂಢಿ ಇಲ್ಲ.”

ಕ್ಯಾಮೆರಾ ಕಪಾಟಿಗೆ ಹೋಯಿತು. ಆ ವಾರ ಕಳೆಯಿತು, ಮುಂದಿನ ಬ್ಯಾಚಿನವರ ಜೊತೆ ಬನ್ನಿ ಎಂದು ಮೇಡಂ ಹೇಳಿದ್ದಾರೆ. ಈಗ ರೊಟ್ಟಿಯನ್ನೆಲ್ಲ ಮೊದಲೇ ಬಡಿದಿಟ್ಟು ಇಬ್ಬರೂ ಕೂಡಿಯೇ ಊಟಕ್ಕೆ ಕೂರುತ್ತೇವೆ. ರೂಢಿಯಾಗಲಿ, ಆಮೇಲೆ ಫೋಟೋ ತೆಗೆದರಾಯಿತು ಎಂಬುದು ನನ್ನ ಲೆಕ್ಕ. ಅವಳಿಗೆ ಹೆಚ್ಚುಕಡಿಮೆ ರೂಢಿಯಾಗಿದೆ. ಇವತ್ತಾದರೂ ಅವಳು ಉಣ್ಣುವುದನ್ನು ಕೊನೆಯವರೆಗೆ ನೋಡಲೇಬೇಕೆಂದು ನಾನೂ ದಿನಾ ನಿರ್ಧಾರ ಮಾಡಿಯೇ ಕೂರುತ್ತೇನೆ. ಮೊದಲ ರೊಟ್ಟಿ ಮುಗಿಯುವವರೆಗೆ ಕಣ್ಣಿಟ್ಟು ನೋಡುತ್ತೇನೆ ಕೂಡ. ಆದರೆ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹಾಳಾದ್ದು, ನನ್ನ ಕಣ್ಣು ಮುಚ್ಚಿಹೋಗಿರುತ್ತದೆ.