ದಾರ ಹಿಡಿದು ಅಳೆದ ದಾರಿ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಬಾಯಿತಪ್ಪಿ ಕೇಳಿಬಿಟ್ಟರು: "ಅಲ್ಲಿಂದ ಇಲ್ಲಿಗೆ ವಿಮಾನಕ್ಕೆ ಎಷ್ಟು ಹೊತ್ತು ಬೇಕು?"

ಆರು ತಿಂಗಳ ತರಬೇತಿ ಮುಗಿಸಿ ಅವರ ಹೆಂಡತಿ ವಿದೇಶದಿಂದ ಬರುವವಳಿದ್ದಳು. ಸೋಮವಾರ ರಾತ್ರಿ ಹನ್ನೊಂದಕ್ಕೆ ಹೊರಡುತ್ತೇನೆ ಎಂದದ್ದು ನೆನಪಿತ್ತು. ಎಷ್ಟಕ್ಕೆ ಇಳಿಯುತ್ತೇನೆ ಎಂದದ್ದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದಿತ್ತು. ಮತ್ತೆ ಕೇಳಿದರೆ ಗುಟ್ಟು ರಟ್ಟು. ಹೋದ ಸಲ ಅವರು ನಿಲ್ದಾಣಕ್ಕೆ ಹೋದದ್ದೇ ಒಂದು ದಿನ ತಡವಾಗಿ. ಈ ಸಲವೂ ಬಾಗಿಲಲ್ಲಿ ಮುಖ ಕಾಣದಿದ್ದರೆ ನೇರ ಅಕ್ಕನ ಮನೆಗೆ ಹೋಗುತ್ತೇನೆ ಎಂದಿದ್ದಳು. ಹೇಳಿದ್ದನ್ನು ಮಾಡಿಯೇ ತೀರುವವಳು.

ಪ್ರಾಂಶುಪಾಲರೂ ಅಷ್ಟೇ ಕಡ್ಡಿಮುರಿದಂತೆ ಹೇಳಿದ್ದರು. "ಇವತ್ತು ಬೇಕಾದಾಗ ಹೋಗಿ. ನಾಳೆ ಪ್ರಾಕ್ಟಿಕಲ್ ಪರೀಕ್ಷೆ, ಲ್ಯಾಬ್ ಬಿಟ್ಟು ಅಲ್ಲಾಡೋ ಹಾಗಿಲ್ಲ."

ಪ್ರಶ್ನೆ ಬಿದ್ದದ್ದೇ ತಡ, ಭೂಗೋಳದ ಮೇಡಂ ಬೀರುವಿನ ಮೇಲಿಂದ ಗೋಳ ಇಳಿಸಿದರು, ಹೆಣೆಯುತ್ತಿದ್ದ ಸ್ವೆಟರಿನ ದಾರ ಕತ್ತರಿಸಿದರು. ಇನ್ನೊಂದು ತುದಿಯನ್ನು ಭೌತಶಾಸ್ತ್ರದವರು ಹಿಡಿದರು.

"ಎಳೀಬೇಡಿ ಸಾರ್, ಸಮುದ್ರ ಚಿಕ್ಕದಾಗುತ್ತೆ," ಎಂದರು ಮೇಡಂ.

ಇಪ್ಪತ್ತು ಸೆಂಟಿಮೀಟರ್ ದಾರ, ಎಂಟು ಸಾವಿರದ ಐನೂರು ಕಿಲೋಮೀಟರ್, ಹತ್ತು ಗಂಟೆ ಹಾರಾಟ. ಅಲ್ಲಿಯವರೆಗೆ ಜಗಳವಿರಲಿಲ್ಲ. ಎರಡೂ ಊರಿನ ಗಡಿಯಾರಗಳಿಗೆ ನಾಲ್ಕೂವರೆ ಗಂಟೆ ಅಂತರ. ಗಣಿತದ ಮೇಷ್ಟ್ರು ಅದನ್ನು ಕಳೆದರು.

"ಹಾಗಾದ್ರೆ ನಿಮ್ಮ ಮನೆಯವರು ಬಂದಿಳಿದು ಐದು ಗಂಟೆ ಆಗ್ತಾ ಬಂತಲ್ರೀ."

ರಸಾಯನಶಾಸ್ತ್ರದ ಮೇಷ್ಟ್ರು ಬ್ಯಾಗಿಗೆ ಕೈಹಾಕಿದರು. ಮೇಡಂ ಸಿಡುಕಿ, ಕಳೆಯುವುದಲ್ಲ ಕೂಡುವುದು ಎಂದು ಮಧ್ಯಾಹ್ನ ಒಂದೂವರೆಗೆ ಇಳಿಸಿದರು. ಭೌತಶಾಸ್ತ್ರದವರು ಎದುರುಗಾಳಿ ಬೀಸಿಸಿ ಎರಡೂವರೆ ಮಾಡಿದರು. ಮೇಷ್ಟ್ರ ತಲೆ ಬರ್ನರ್ ಆರಿಸಲು ಮರೆತ ಬೀಕರಿನಂತೆ ಕುದಿಯಿತು. ಕೊನೆಗೆ ಗಣಿತದವರೇ ಮೂರೂ ಉತ್ತರಗಳ ಸರಾಸರಿ ತೆಗೆದರು: ಹತ್ತು ಗಂಟೆ ಐವತ್ತು ನಿಮಿಷ. ಯಾರೂ ಸೋಲಲಿಲ್ಲವಾದ್ದರಿಂದ ಎಲ್ಲರೂ ಒಪ್ಪಿದರು. ವಿಮಾನವನ್ನು ಮಾತ್ರ ಯಾರೂ ಕೇಳಲಿಲ್ಲ.

ಮೇಷ್ಟ್ರು ಏದುಸಿರು ಬಿಡುತ್ತ ನಿಲ್ದಾಣ ತಲುಪಿದಾಗ ಹತ್ತೂ ಐವತ್ತು. ಹೊರಬಂದ ಪ್ರತಿ ಸೂಟ್‌ಕೇಸಿಗೂ ಕತ್ತು ನೀಡಿ ನೀಡಿ ಅದು ಕೊಕ್ಕರೆಯ ಕತ್ತಾಯಿತು. ನಡುನಡುವೆ ಮೂವರೂ ಫೋನು ಮಾಡಿ, ತಮ್ಮ ಲೆಕ್ಕವೇ ಸರಿಯಾಯಿತು ತಾನೇ ಎಂದು ವಿಚಾರಿಸಿದರು. ಒಂದೂವರೆ ಕಳೆಯಿತು, ಎರಡೂವರೆಯೂ ಕಳೆಯಿತು. ಮೂರಕ್ಕೆ ಮಾನ ಬದಿಗಿಟ್ಟು ಹೆಂಡತಿಗೇ ಫೋನು ಮಾಡಿದರು.

ಅವಳು ಬಟ್ಟೆ ಮಡಿಸುತ್ತಿದ್ದಳು, ಅಲ್ಲೇ.

"ಹೋದ ಸಲ ಒಂದು ದಿನ ತಡವಾಗಿ ಬಂದ್ರಲ್ಲ, ಅದಕ್ಕೇ ಈ ಸಲ ಒಂದು ದಿನ ಮುಂಚಿನ ತಾರೀಕು ಹೇಳಿದ್ದೆ. ಇವತ್ತೇ ಹೋಗಿ ನಿಲ್ತೀರ ಅಂತ ಯಾರಿಗ್ರೀ ಗೊತ್ತಿತ್ತು? ಹೊರಡೋದು ಇವತ್ತು ರಾತ್ರಿ. ನಾಳೆ ಒಂದೂವರೆಗೆ ಬಂದ್ಬಿಡಿ."

"ನಾಳೆ ನಂಗೆ ಪರೀಕ್ಷೆ ಕಣೇ," ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

ಆ ಕಡೆ ಬಟ್ಟೆ ಮಡಿಸುವ ಸದ್ದು ನಿಂತಿತು.

"ಸರಿ. ಅಕ್ಕಂಗೆ ಹೇಳ್ತೀನಿ."

ಫೋನು ಕಟ್ಟಾಯಿತು. ಗಂಡಹೆಂಡಿರ ನಡುವಿನ ದೂರ ಬೆಳಿಗ್ಗೆ ದಾರದಲ್ಲಿ ಅಳೆದಷ್ಟೇ ಇತ್ತು: ಎಂಟು ಸಾವಿರದ ಐನೂರು ಕಿಲೋಮೀಟರ್.