ಇಟಲಿಗೆ ಹೋದ ಬಂಗುಡೆ

ಜಿದ್ದಾದ ಕಡಲತೀರ ನನಗೆ ಅಂಗೈಯಷ್ಟು ಪರಿಚಿತ ಎಂದು ನಾನು ಕೊಚ್ಚಿಕೊಳ್ಳದ ದಿನವಿಲ್ಲ. ಈಗ ಕೆಲಸ ದೂರದ ಉನೈಜಾದ ಖರ್ಜೂರದ ಗೋದಾಮಿನಲ್ಲಾದರೂ ಬಾಲ್ಯ ಕಳೆದದ್ದು ಜಿದ್ದಾದಲ್ಲೇ. ರಜೆ ಬಂತೆಂದರೆ ತಂದೆ ನಮ್ಮನ್ನು ಪೇಟೆಯಾಚೆಯ ಒಂದು ಕಡಲ ದಂಡೆಗೆ ಕರೆದೊಯ್ಯುತ್ತಿದ್ದರು. ಉಮ್ಮ ಅಲ್ಲೇ ಒಲೆ ಹಚ್ಚಿ ಕಾವಲಿಯಲ್ಲಿ ಬಂಗುಡೆ ಮೀನು ಕಾಯಿಸುತ್ತಿದ್ದರು.

ಮೊನ್ನೆ ಮೆಕ್ಕಾದ ಉಮ್ರಾ ಯಾತ್ರೆಗೆ ಬಂದ ಉಮ್ಮ, ಜಿದ್ದಾದಿಂದ ಊರಿಗೆ ವಿಮಾನ ಹತ್ತುವ ಮುನ್ನಾದಿನ ಕೇಳಿದ್ದು ಒಂದೇ: “ಆ ಜಾಗದಲ್ಲಿ ಕೂತು ಒಮ್ಮೆ ಮೀನು ತಿನ್ನಬೇಕಿತ್ತು ಮೋನೆ. ಇನ್ನು ಬರ್ಲಿಕ್ಕೆ ಆಗ್ತದೋ ಇಲ್ಲವೋ.”

ಆಜ್ಞೆ ಶಿರಸಾವಹಿಸಿದೆ! ಶರಫಿಯಾ ಪೇಟೆಯಲ್ಲಿ ಮಸಾಲೆ ಹುಡಿ ಕೊಂಡು, ಮಸಾಲೆ ಮೆತ್ತಿದ ಬಂಗುಡೆ, ಕಾವಲಿ, ಒಲೆ, ಚಾಪೆ ಎಲ್ಲವನ್ನೂ ಕಾರಿಗೆ ಹೇರಿದೆ.

“ಮ್ಯಾಪ್ ಹಾಕಿ,” ಎಂದಳು ಹೆಂಡತಿ ರಹಮತ್.

“ನನ್ನ ಬಾಲ್ಯಕ್ಕೆ ಮ್ಯಾಪ್ ಎಂತಕ್ಕೆ? ಬಿಳಿ ಮಸೀದಿ, ಖರ್ಜೂರದ ಮರ, ಅಲ್ಲಿ ಎಡಕ್ಕೆ!”

ಆ ರಸ್ತೆಯಲ್ಲಿ ಬಿಳಿ ಮಸೀದಿ ಮತ್ತು ಖರ್ಜೂರದ ಮರ ಇಲ್ಲದ ತಿರುವೇ ಇಲ್ಲ. ಅದು ನನಗೆ ಹೊಳೆಯಲಿಲ್ಲ.

ಎಡಕ್ಕೆ ತಿರುಗಿದರೆ ಎದುರಿಗೆ ಇಟಲಿ! ಪ್ಲಾಸ್ಟರಿನ ಕಮಾನು, ಕುಂಡಗಳಲ್ಲಿ ಪ್ಲಾಸ್ಟಿಕ್ ನಿಂಬೆಹಣ್ಣು, ‘ಇಟಲಿಯ ಕಡಲತೀರದ ಅನುಭವ’ ಎಂಬ ಫಲಕ. ಸಮುದ್ರದ ನೀರೊಂದು ಮಾತ್ರ ಸ್ಥಳೀಯ.

ಕಾವಲುಗಾರ ಮೀನಿನ ಡಬ್ಬಿ ನೋಡಿ ಮೂಗು ಮುಚ್ಚಿಕೊಂಡ. ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ.

“ನಾನು ಚಡ್ಡಿಯಿಲ್ಲದೆ ಓಡಾಡಿದ ಜಾಗ ಇದು!” ಎಂದು ಅರಬಿಯಲ್ಲಿ ಗುಡುಗಿದೆ.

“ಈಗ ಹಾಗೂ ಬಿಡುವುದಿಲ್ಲ,” ಎಂದ.

ಮೀನು ಬಿಸಿಲಲ್ಲಿ ಕಾರಿನೊಳಗೇ ಉಳಿಯಿತು. ನಾವು ಟಿಕೆಟ್ ಪಡೆದು ಒಳಗೆ ಹೋಗಿ ಮೀನಿನ ಊಟಕ್ಕೆ ಹೇಳಿದೆವು. ಬಿಳುಚಿದ ಒಂದು ತುಂಡು, ಅದರ ಮೇಲೊಂದು ಎಲೆ ಬಂತು. ಉಮ್ಮ ಅದನ್ನು ಮಗುಚಿ ನೋಡಿದರು.

“ಇದಕ್ಕೆ ಜ್ವರ ಬಂದಿದೆಯಾ?”

“ಇಟಲಿಯ ಅಡುಗೆ ಉಮ್ಮ.”

“ಪಾಪ, ಅಲ್ಲಿ ಮೆಣಸು ಸಿಕ್ಕುದಿಲ್ವಾ?”

ನಾನು ವಿಷಯಾಂತರ ಮಾಡಿ ಇತಿಹಾಸ ಶುರು ಮಾಡಿದೆ. ಕಾರಂಜಿಯಿರುವಲ್ಲಿ ನಿಮ್ಮ ಒಲೆ, ಕಮಾನಿನ ಕೆಳಗೆ ನಮ್ಮ ಚಾಪೆ! ಉಮ್ಮ ತಲೆಯಾಡಿಸುತ್ತಾ ಕೇಳಿದರು.

ಮರಳಿ ಕಾರಿನ ಬಾಗಿಲು ತೆರೆದಾಗ ಎಲ್ಲಿಂದಲೋ ಬೆಕ್ಕುಗಳು ಓಡಿ ಬಂದವು, ಕಾವಲುಗಾರ ಓಡಿ ಹೋದ. ಕಿಟಕಿಗಳನ್ನೆಲ್ಲ ಇಳಿಸಿ ಹೊರಟೆವು.

“ನನ್ನ ಬಾಲ್ಯವನ್ನೇ ಮಾರಿಬಿಟ್ಟರು!” ಎಂದು ದಾರಿಯುದ್ದಕ್ಕೂ ಅಬ್ಬರಿಸಿದೆ.

“ಯಾರೂ ಮಾರ್ಲಿಲ್ಲ,” ಎಂದರು ಉಮ್ಮ ಮೆಲ್ಲಗೆ. “ನಮ್ಮ ಜಾಗ ಅದಲ್ಲ. ಹೋಗುವಾಗಲೇ ದಾಟಿ ಹೋದೆವು. ಅಗೋ, ಅಲ್ಲಿ.”

“ಆಗಲೇ ಹೇಳಬಾರದಿತ್ತಾ?”

“ನೀನು ಅಷ್ಟು ಚಂದ ವಿವರಿಸ್ತಾ ಇದ್ದೆ. ಹೆಂಡತಿಯ ಎದುರು ನಿನ್ನ ಮರ್ಯಾದೆ ಯಾಕೆ ತೆಗಿಯುದು?”

ರಹಮತ್ ಕಿಟಕಿಯಾಚೆ ನೋಡುತ್ತಾ ಕೆಮ್ಮಿದಳು. ಅದು ಕೆಮ್ಮಲ್ಲ!

ಉಮ್ಮ ತೋರಿಸಿದಲ್ಲಿ ಕಾರು ನಿಲ್ಲಿಸಿದೆ. ಅಲ್ಲಿ ಕಮಾನಿರಲಿಲ್ಲ. ಬರಿಯ ಮರಳು, ಸಾಲಾಗಿ ಚಾಪೆಗಳು, ಒಲೆಗಳ ಹೊಗೆ. ನಮ್ಮ ಬಂಗುಡೆ ನೇರ ಕಸದ ತೊಟ್ಟಿಗೆ ಹೋಯಿತು. ಬರಿಗೈಯಲ್ಲಿ ನಿಂತ ಉಮ್ಮನನ್ನು ಉಡುಪಿಯ ಕುಟುಂಬವೊಂದು ಕರೆದು ಚಾಪೆಯಲ್ಲಿ ಕೂರಿಸಿ, ಆಗಷ್ಟೇ ಕಾಯಿಸಿದ ಮೀನು ಕೊಟ್ಟಿತು. ಉಮ್ಮ ಸಮುದ್ರಕ್ಕೆ ಮುಖ ಮಾಡಿ, ಮುಳ್ಳು ಮಾತ್ರ ಉಳಿಯುವಂತೆ ತಿಂದರು. ನನಗೆ ಕಣ್ಣು ತುಂಬಿ ಬಂತು. ಹೊಗೆಯಿಂದ ಎಂದೆ.

ಮೀನು ಮಗುಚುತ್ತಿದ್ದ ಆ ಮನೆಯ ಯಜಮಾನರು ನನ್ನನ್ನು ಕನಿಕರದಿಂದ ನೋಡಿದರು.

“ಈ ಕಡೆಗೆ ಹೊಸಬರಾ ಮಾರಾಯ್ರೆ?”

ಉಮ್ಮ ನೋಡಿದರು. ರಹಮತ್ ನೋಡಿದಳು.

“ಹೌದು,” ಎಂದೆ. “ಇವತ್ತೇ ಮೊದಲು ಬಂದದ್ದು.”